ಇಲಿ ಬಿದ್ದ ಪೇಟೆ, ಬೀಗ ಬಿದ್ದ ಮಾರ್ಕೆಟ್ಟು

‘ಇಲಿ ಬಿತ್ತಂತೆ.’ ಹಳೇ ಮೈಸೂರಿನ ಹಳ್ಳಿಗಳಲ್ಲಿ ಇಷ್ಟು ಸುದ್ದಿ ಸಾಕಿತ್ತು. ಜನ ಪಾತ್ರೆ ಪಡಗ ಗಂಟು ಕಟ್ಟಿ, ಊರ ಹೊರಗಿನ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇಲಿ ಸತ್ತರೆ ಹಿಂದೆಯೇ ಪ್ಲೇಗು ಬರುತ್ತದೆ ಅನ್ನೋದು ಅವರಿಗೆ ಕಂಡು ಗೊತ್ತಾಗಿತ್ತು. ದೊಡ್ಡ ವಿಜ್ಞಾನಿಗಳು ಅದನ್ನು ಒಪ್ಪಿದ್ದು ಆಮೇಲೆ. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆ ಎಂದು ಫ್ರಾನ್ಸಿನ ಪಾಲ್ ಲೂಯಿ ಸಿಮಾಂಡ್ ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿ. ಅದನ್ನು ಎಲ್ಲರೂ ನಂಬಲು ಇನ್ನೂ ಕೆಲವು ವರ್ಷ ಹಿಡಿಯಿತು. ಅಲ್ಲಿಯವರೆಗೆ ಸರ್ಕಾರದ ಕಣ್ಣು ಇದ್ದದ್ದು ಕೊಳಕಿನ ಮೇಲೆ, ಇಕ್ಕಟ್ಟಿನ ಮೇಲೆ. ಅಂದರೆ ಪೇಟೆಯ ಮೇಲೆ.

ಕತೆ ಶುರುವಾಗುವುದು ಮುಂಬೈಯಿಂದ. 1896ರಲ್ಲಿ ಬಂದರಿನ ಪಕ್ಕದ ಮಾಂಡ್ವಿಯಲ್ಲಿ ಪ್ಲೇಗು ಕಾಣಿಸಿತು. ಮಾಂಡ್ವಿ ಅಂದರೆ ದವಸದ ಗೋದಾಮುಗಳ ಜಾಗ. ಮರುವರ್ಷವೇ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದರು. ತೀರಾ ಚಿಕ್ಕ ಕಾಯ್ದೆ, ನಾಲ್ಕೇ ಸೆಕ್ಷನ್ನು. ರೋಗ ತಡೆಯಲು ಬೇಕಾದ ಯಾವ ಆದೇಶವನ್ನಾದರೂ ಸರ್ಕಾರ ಹೊರಡಿಸಬಹುದು, ಮೀರಿದವರಿಗೆ ಶಿಕ್ಷೆ, ಆದೇಶ ಜಾರಿ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ. ಇಷ್ಟೇ ಅದರ ತಿರುಳು. ಖರ್ಚಿನ ಮಾತು ಬರುವಲ್ಲಿ ಆವರಣದೊಳಗೆ ಒಂದು ಸಣ್ಣ ಮಾತಿದೆ: ‘ಪರಿಹಾರ ಏನಾದರೂ ಇದ್ದರೆ ಅದೂ ಸೇರಿ’. ಈ ‘ಇದ್ದರೆ’ಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

1897ರ ಜೂನ್ 22, ವಿಕ್ಟೋರಿಯಾ ರಾಣಿ ಪಟ್ಟಕ್ಕೇರಿ ಅರವತ್ತು ವರ್ಷ ತುಂಬಿದ ಸಂಭ್ರಮದ ದಿನ. ಅವತ್ತು ಬೆಂಗಳೂರಿನಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಹಾಕಿದರು. ಅದೇ ರಾತ್ರಿ ಪುಣೆಯಲ್ಲಿ ಚಾಪೇಕರ್ ಸೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡು ಹೊಡೆದರು. ಸಿಪಾಯಿಗಳು ಮನೆಮನೆ ನುಗ್ಗಿ ಹೆಂಗಸರನ್ನೂ ಬಿಡದೆ ತಪಾಸಣೆ ಮಾಡಿದ್ದಕ್ಕೆ ಊರು ಅಷ್ಟು ಕುದಿಯುತ್ತಿತ್ತು.

ಬೆಂಗಳೂರಿಗೆ ಪ್ಲೇಗು ಬಂದದ್ದು 1898ರ ಆಗಸ್ಟ್‌ನಲ್ಲಿ, ಹುಬ್ಬಳ್ಳಿ ಕಡೆಯಿಂದ, ರೈಲಿನಲ್ಲಿ. ಆಗ ಇಲ್ಲಿ ಊರೂ ಎರಡು, ಮುನಿಸಿಪಾಲಿಟಿಯೂ ಎರಡು. ಪೇಟೆ ಮೈಸೂರು ಸಂಸ್ಥಾನದ್ದು, ದಂಡು, ಅಂದರೆ ಕಂಟೋನ್ಮೆಂಟು, ಬ್ರಿಟಿಷರದ್ದು. ಕಾಯಿಲೆಗೆ ಈ ಗಡಿ ಗೊತ್ತಿರಲಿಲ್ಲ ಬಿಡಿ.

ಪೇಟೆ ಹೇಗಿತ್ತು ಅನ್ನೋದನ್ನು ಹೆಸರುಗಳೇ ಹೇಳುತ್ತವೆ. ಅಕ್ಕಿಪೇಟೆ, ರಾಗಿಪೇಟೆ, ತರಗುಪೇಟೆ, ಅರಳೆಪೇಟೆ. ಮುಂದೆ ಅಂಗಡಿ, ಹಿಂದೆ ಮನೆ, ಪಕ್ಕದಲ್ಲೇ ಮೂಟೆ ಪೇರಿಸಿದ ಕೋಣೆ. ಇಲಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕೆ? ರೋಗ ಬಂದವರನ್ನು ಊರ ಹೊರಗಿನ ಶೆಡ್ಡಿಗೆ ಸಾಗಿಸಿದರು, ಅವರ ಮನೆಯವರನ್ನು ಬೇರೆ ಕ್ಯಾಂಪಿಗೆ. ಗೋಡೆಗೆ ಸುಣ್ಣ ಬಳಿದರು, ಬಿಸಿಲು ಬೀಳಲಿ ಎಂದು ಹೆಂಚು ತೆಗೆದರು. ಮನೆ ಖಾಲಿಯಾದರೆ ಅಂಗಡಿಯೂ ಮುಚ್ಚಿತು ಅಂತಲೇ ಲೆಕ್ಕ. ಹಾಗಾಗಿ ಕಾಯಿಲೆ ಬಚ್ಚಿಟ್ಟವರು ಕಡಿಮೆಯೇನಿಲ್ಲ. ಅವರು ಬರೀ ಮೂಢನಂಬಿಕೆಯಿಂದ ಹಾಗೆ ಮಾಡಿದರು ಎಂದು ಬರೆಯುವವರನ್ನು ಕಂಡರೆ ನನಗೆ ಒಪ್ಪಿಗೆಯಾಗುವುದಿಲ್ಲ. ದುಡಿಮೆ ನಿಲ್ಲಿಸಿದ ಮೇಲೆ ಊಟಕ್ಕೇನು ಅನ್ನೋದೂ ಒಂದು ಪ್ರಶ್ನೆಯೇ ಅಲ್ವಾ? ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಂತೂ ಜನ ದಂಗೆ ಎದ್ದರು.

ಆ ಹೊತ್ತಿನ ಗಡಿಬಿಡಿಯ ತೀರ್ಮಾನಗಳು ಊರಿನ ಆಕಾರವನ್ನೇ ಬದಲಿಸಿದವು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಯೋಚನೆ ಪ್ಲೇಗಿಗೆ ಮೊದಲೇ ಇತ್ತು. ಆದರೆ ಊರಾಚೆಯ ಆ ಜಾಗಕ್ಕೆ ಯಾರು ಹೋಗಬೇಕು? ಪ್ಲೇಗು ಬಂದ ಮೇಲೆ ಹಿಂಜರಿಕೆ ಹೋಯಿತು. ಅಗಲವಾದ ನೇರ ರಸ್ತೆ, ಮನೆ ಸುತ್ತ ಗಾಳಿ ಬೆಳಕು. ಮಲ ಹೊರುವವರು ಓಡಾಡಲು ಹಿಂದೆ ಬೇರೆಯೇ ಸಂದಿ. ಕನ್ಸರ್ವೆನ್ಸಿ ಅಂತ ಕರೆಯುವ ಆ ಸಂದಿಗಳು ಮಲ್ಲೇಶ್ವರದಲ್ಲಿ ಈಗಲೂ ಇವೆ. ನಿವೇಶನ ಹಂಚಿದ್ದು ಜಾತಿವಾರು. ರೋಗದ ಭಯಕ್ಕೆ ಕಟ್ಟಿದ ಬಡಾವಣೆಯಲ್ಲೂ ಅದು ತಪ್ಪಲಿಲ್ಲ. ದಂಡಿನ ಕಡೆ ಇಲಿ ನುಸುಳದ ಹಾಗೆ ಮನೆ ಕಟ್ಟುವ ಲೆಕ್ಕಾಚಾರದಲ್ಲಿ ಫ್ರೇಜರ್ ಟೌನ್ ಎದ್ದಿತು. ಅಷ್ಟರಲ್ಲಿ ಇಲಿಯ ಮಾತು ಸರ್ಕಾರಕ್ಕೂ ಅರ್ಥವಾಗಿತ್ತು. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣೆಗೆಂದೇ ಟ್ರಸ್ಟ್ ಬೋರ್ಡ್ ಬಂತು.

ವ್ಯಾಪಾರದ ಕಡೆಯಿಂದ ನೋಡಿದರೆ ಆದದ್ದು ಇಷ್ಟು: ಸೈಟು ಕೊಳ್ಳುವ ಶಕ್ತಿ ಇದ್ದವರು ಮನೆಯನ್ನು ಬಡಾವಣೆಗೆ ಸಾಗಿಸಿ, ಅಂಗಡಿಯನ್ನು ಪೇಟೆಯಲ್ಲೇ ಇಟ್ಟುಕೊಳ್ಳಬಹುದಿತ್ತು. ಮೂಟೆ ಹೊರುವ ಹಮಾಲಿಗೆ ಆ ದಾರಿ ಇರಲಿಲ್ಲ. ಅವನು ಇಲಿಯ ಜೊತೆಗೇ ಉಳಿದ. ಅವನಿಗೆ ದಿಕ್ಕಾದದ್ದು ಪ್ಲೇಗಮ್ಮ. ಬೆಂಗಳೂರಿನಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳು ಹುಟ್ಟಿದ್ದು ಹೀಗೆ.

1918ರ ಇನ್‌ಫ್ಲುಯೆಂಜಾ ಪ್ಲೇಗಿಗಿಂತ ಬಿರುಸಾಗಿ ಬಂದು ಹೋಯಿತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಆದರೆ ಅದು ಪ್ಲೇಗಿನ ಹಾಗೆ ಯಾವ ಹೊಸ ಬಡಾವಣೆಯನ್ನೂ ಹುಟ್ಟಿಸಲಿಲ್ಲ. ಹಾಗಾಗಿಯೇ ಏನೋ, ಅದರ ನೆನಪೂ ಕಡಿಮೆ.

ಇನ್ನು 2020. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯದು, ಮಾರ್ಚ್ 10ಕ್ಕೆ. ಮರುದಿನವೇ ರಾಜ್ಯ ಸರ್ಕಾರ ಕೋವಿಡ್ ನಿಯಮಾವಳಿ ಹೊರಡಿಸಿತು. ಯಾವ ಕಾಯ್ದೆಯ ಕೆಳಗೆ? ಅದೇ 1897ರದು. ಮಾಲು, ಥಿಯೇಟರು, ಪಬ್ಬು ಮೊದಲು ಮುಚ್ಚಿದವು, ಒಂದು ವಾರಕ್ಕೆ ಅಂತ. ಆ ವಾರ ಮುಗಿಯಲೇ ಇಲ್ಲ. ಮಾರ್ಚ್ 25ರಿಂದ ದೇಶಕ್ಕೇ ಬೀಗ.

ಆಗಲೂ ಕಣ್ಣು ಬಿದ್ದದ್ದು ಪೇಟೆಯ ಮೇಲೆಯೇ. ಕೆ.ಆರ್. ಮಾರ್ಕೆಟ್ಟು, ಕಲಾಸಿಪಾಳ್ಯದ ತರಕಾರಿ ಮಾರ್ಕೆಟ್ಟು ಮುಚ್ಚಿದವು. ಸಗಟು ವ್ಯಾಪಾರವನ್ನು ಊರಾಚೆಯ ಸಿಂಗೇನ ಅಗ್ರಹಾರಕ್ಕೆ ಕಳಿಸಿದರು. ರೋಗ ಬಂದಾಗ ಪೇಟೆಯನ್ನು ಊರ ಹೊರಗೆ ತಳ್ಳುವ ಬುದ್ಧಿ 120 ವರ್ಷವಾದರೂ ಹೋಗಿರಲಿಲ್ಲ. ತಪ್ಪು ಅಂತ ಹೇಳುತ್ತಿಲ್ಲ. ಆ ಇಕ್ಕಟ್ಟಿನಲ್ಲಿ ಅಂತರ ಕಾಯುವುದು ಆಗದ ಮಾತು. ಆದರೆ ಸಗಟು ವ್ಯಾಪಾರಿ ಲಾರಿ ತಿರುಗಿಸಿಕೊಂಡು ಹೊರಟಾನು. ಮೆಟ್ಟಿಲ ಮೇಲೆ ಕೂತು ಮೊಳದ ಲೆಕ್ಕದಲ್ಲಿ ಹೂವು ಮಾರುವವಳು, ನಿಂಬೆಹಣ್ಣಿನ ರಾಶಿ ಹಾಕುವವನು ಎಲ್ಲಿಗೆ ಹೋಗಬೇಕು? ಮಾರ್ಕೆಟ್ಟು ಮತ್ತೆ ತೆರೆದದ್ದು ಸೆಪ್ಟೆಂಬರ್ 1ಕ್ಕೆ. ಐದು ತಿಂಗಳ ಮೇಲಾಯಿತು.

ಮದ್ಯದಂಗಡಿಗೆ ಅಷ್ಟು ಕಾಯುವ ಪಾಡು ಬರಲಿಲ್ಲ. ಮೇ 4ಕ್ಕೇ ಬಾಗಿಲು ತೆರೆಯಿತು. ಮೊದಲ ದಿನ 45 ಕೋಟಿ, ಮರುದಿನ 197 ಕೋಟಿ ರೂಪಾಯಿ ವ್ಯಾಪಾರ. ಖಜಾನೆಗೂ ಹಸಿವಾಗುತ್ತದೆ ನೋಡಿ.

ಎರಡು ದಿನ ಬಿಟ್ಟು ಯಡಿಯೂರಪ್ಪನವರ ಸರ್ಕಾರ 1,610 ಕೋಟಿ ರೂಪಾಯಿಯ ಪ್ಯಾಕೇಜು ಘೋಷಿಸಿತು. ಕ್ಷೌರಿಕರು, ಅಗಸರು, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000. ಹೂವು ಬೆಳೆದವರಿಗೆ ಹೆಕ್ಟೇರಿಗೆ 25,000. ಹಣ ಬೇಕಾದರೆ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು, ದಾಖಲೆ ತೋರಿಸಬೇಕು. ಬೀದಿ ಬದಿ ವ್ಯಾಪಾರಿಗೆ ಕೇಂದ್ರದಿಂದ ಜೂನ್‌ನಲ್ಲಿ ಸಿಕ್ಕಿದ್ದು 10,000 ರೂಪಾಯಿಯ ಸ್ವನಿಧಿ. ಅದು ಸಾಲ. ಅದಕ್ಕೂ ಪಾಲಿಕೆಯ ಗುರುತಿನ ಚೀಟಿಯೋ ಶಿಫಾರಸು ಪತ್ರವೋ ಬೇಕು. ರಾಜ್ಯದ ಪ್ಯಾಕೇಜಿನಿಂದ ಅವರಿಗೆ 2,000 ರೂಪಾಯಿ ಬಂದದ್ದು 2021ರ ಎರಡನೇ ಅಲೆಯಲ್ಲಿ.

ಆ ಚೀಟಿ ಕೊಡಿಸಿ ಅಂತ ಯಾರ ಮನೆ ಬಾಗಿಲು ಬಡಿಯಬೇಕು? ಕಾರ್ಪೊರೇಟರ್ ಮನೆಯದು, ಸಾಮಾನ್ಯವಾಗಿ. ಆದರೆ ಲಾಕ್‌ಡೌನ್ ತೀರ್ಮಾನವಾದದ್ದು ದೆಹಲಿಯಲ್ಲಿ, ಮಾರ್ಗಸೂಚಿ ವಿಧಾನಸೌಧದಲ್ಲಿ. ಅಂಗಡಿ ಮುಚ್ಚಿಸಲು ಬೀದಿಗೆ ಇಳಿದವರು ಪೊಲೀಸರು, ಪಾಲಿಕೆಯ ಮಾರ್ಷಲ್‌ಗಳು. ವಾರ್ಡಿನ ಸದಸ್ಯನ ಕೈಯಲ್ಲಿ ಉಳಿದದ್ದು ರೇಷನ್ ಕಿಟ್ ಹಂಚುವ ಕೆಲಸ. 2020ರ ಸೆಪ್ಟೆಂಬರ್ 10ಕ್ಕೆ ಬಿಬಿಎಂಪಿಯ ಚುನಾಯಿತ ಕೌನ್ಸಿಲ್‌ನ ಅವಧಿಯೂ ಮುಗಿಯಿತು. ಮಾರ್ಕೆಟ್ಟು ತೆರೆದು ಹತ್ತೇ ದಿನಕ್ಕೆ. ಆಮೇಲೆ ಆಡಳಿತಾಧಿಕಾರಿಯದೇ ಕಾರುಬಾರು. ಅದೇ ವರ್ಷ ಡಿಸೆಂಬರ್‌ನಲ್ಲಿ, ಕೋವಿಡ್ ಇನ್ನೂ ಇರುವಾಗಲೇ, ರಾಜ್ಯದ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಮುಗಿಯಿತು. ಬೆಂಗಳೂರಿನಲ್ಲಿ ಮಾತ್ರ, 2025ರಲ್ಲಿ ಪಾಲಿಕೆ ಐದು ಹೋಳಾಗುವವರೆಗೂ ಚುನಾವಣೆ ಆಗಲೇ ಇಲ್ಲ.

1897ರ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆಯಿತು. ವೈದ್ಯರು, ನರ್ಸ್‌ಗಳು, ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆ ಮಾಡಿದರೆ ಜೈಲು, ಜೊತೆಗೆ ಪರಿಹಾರವನ್ನೂ ಕೊಡಬೇಕು ಅಂತ ಸೇರಿಸಿದರು. ಬೇಕಾಗಿದ್ದ ಕೆಲಸವೇ. ಆದರೆ ಸರ್ಕಾರದ ಆದೇಶದಿಂದ ಮುಚ್ಚಿದ ಅಂಗಡಿಯ ವಿಷಯಕ್ಕೆ ಬಂದರೆ, ಆವರಣದೊಳಗಿನ ಆ ‘ಇದ್ದರೆ’ಯನ್ನು ಯಾರೂ ಮುಟ್ಟಲಿಲ್ಲ.