ರುಮಾ ಗದಾಂಗ್: ಹೆಣ್ಣುಮಕ್ಕಳ ಹೆಸರಿನ ದೊಡ್ಡಮನೆ

ಹಳೆಯ ಮರದ ಮನೆಗಳ ಜೀರ್ಣೋದ್ಧಾರ ನನ್ನ ವೃತ್ತಿ. ಹೀಗಾಗಿ ಯಾವ ಮನೆಯನ್ನು ಕಂಡರೂ ಕಂಬದ ಬುಡ, ಚಾವಣಿಯ ಅಂಚು ಮೊದಲು ಕಣ್ಣಿಗೆ ಬೀಳುತ್ತವೆ. ಆದರೆ ಇಂಡೋನೇಷ್ಯಾದ ಪಶ್ಚಿಮ ಸುಮಾತ್ರಾದಲ್ಲಿ ಮಿನಂಗ್‌ಕಬಾವ್ ಜನರು ಕಟ್ಟಿಕೊಂಡ ‘ರುಮಾ ಗದಾಂಗ್’ ಎಂಬ ದೊಡ್ಡಮನೆಗಳ ವಿಷಯದಲ್ಲಿ, ಮನೆ ಯಾರದ್ದು ಎಂಬುದು ತಿಳಿಯದೆ ಅದರ ನಕ್ಷೆಯೇ ಅರ್ಥವಾಗುವುದಿಲ್ಲ.

ಅಲ್ಲಿ ಮನೆಯೂ ಪಿತ್ರಾರ್ಜಿತವೆಂದು ನಾವು ಕರೆಯುವ ಗದ್ದೆಯೂ ತಾಯಿಯಿಂದ ಮಗಳಿಗೆ ಇಳಿಯುತ್ತವೆ. ಆಸ್ತಿಯ ಉಸ್ತುವಾರಿ ತಾಯಿಯ ಸೋದರನಾದ ‘ಮಾಮಾಕ್’ನದು. ತುಳುನಾಡಿನ ಅಳಿಯಸಂತಾನವನ್ನು ಬಲ್ಲವರಿಗೆ ಇದು ಪರಿಚಿತವೆನಿಸೀತು, ಆದರೆ ಇವರು ನಿಷ್ಠಾವಂತ ಮುಸ್ಲಿಮರು ಎಂಬುದನ್ನು ಮರೆಯುವಂತಿಲ್ಲ. ಮನೆಯ ಮುಂಭಾಗವೆಲ್ಲ ಉದ್ದನೆಯ ತೆರೆದ ಹಜಾರ. ಹಿಂಗೋಡೆಗೆ ಒತ್ತಿಕೊಂಡು ಸಾಲಾಗಿ ಚಿಕ್ಕ ಕೋಣೆಗಳು, ಮದುವೆಯಾದ ಹೆಣ್ಣುಮಗಳಿಗೆ ಒಂದೊಂದು. ಗಂಡುಮಕ್ಕಳಿಗೆ ಹುಟ್ಟಿದ ಮನೆಯಲ್ಲಿ ಕೋಣೆಯಿಲ್ಲ. ಹಿಂದೆ ಅವರು ಸ್ವಲ್ಪ ಬೆಳೆದೊಡನೆ ‘ಸುರಾವ್’ ಎಂಬ ಪ್ರಾರ್ಥನಾಗೃಹದಲ್ಲಿ ಮಲಗುತ್ತಿದ್ದರು, ಮದುವೆಯ ನಂತರ ರಾತ್ರಿ ಹೆಂಡತಿಯ ಮನೆಗೆ ಬರುತ್ತಿದ್ದರು.

ಕಟ್ಟೋಣದ ಜಾಣತನವೆಲ್ಲ ಕೆಳಗಿದೆ. ಕಂಬಗಳನ್ನು ನೆಲದಲ್ಲಿ ಹೂಳದೆ ಚಪ್ಪಟೆ ಕಲ್ಲುಗಳ ಮೇಲೆ ಸುಮ್ಮನೆ ನಿಲ್ಲಿಸಿರುತ್ತಾರೆ. ತೊಲೆಗಳನ್ನು ಮೊಳೆಯ ಹಂಗಿಲ್ಲದೆ ತೂತಿಗೆ ನಾಲಗೆ ಕೂರಿಸಿ, ಬೆಣೆ ಹೊಡೆದು ಜೋಡಿಸುತ್ತಾರೆ. ಭೂಮಿ ನಡುಗಿದಾಗ ಬುಡ ಕಲ್ಲಿನ ಮೇಲೆ ಕೊಂಚ ಜರುಗುತ್ತದೆ, ಸಂದುಗಳು ಕಿರುಗುಟ್ಟುತ್ತ ಹೊಡೆತವನ್ನು ಹಂಚಿಕೊಳ್ಳುತ್ತವೆ. 2009ರ ಸೆಪ್ಟೆಂಬರ್ 30ರಂದು 7.6 ತೀವ್ರತೆಯ ಭೂಕಂಪ ಪಡಾಂಗ್ ನಗರವನ್ನು ಕೆಡವಿದ ಸೀಮೆಯಿದು. ಆದ್ದರಿಂದ ‘ಭದ್ರಪಡಿಸುವ’ ಉಮೇದಿನಲ್ಲಿ ಕಂಬದ ಬುಡಕ್ಕೆ ಕಾಂಕ್ರೀಟ್ ಸುರಿಯುವುದು, ನನ್ನ ದೃಷ್ಟಿಯಲ್ಲಿ, ಮನೆಯ ಕಾಲು ಕಟ್ಟಿದಂತೆ.

ಎಮ್ಮೆಯ ಕೊಂಬಿನಂತೆ ಬಾಗಿ ಮೇಲೇಳುವ ‘ಗೊಂಜೊಂಗ್’ ಚಾವಣಿಗೆ ಹಿಂದೆ ‘ಇಜುಕ್’, ಅಂದರೆ ಒಂದು ಜಾತಿಯ ತಾಳೆಯ ಕಪ್ಪು ನಾರು ಹೊದಿಸುತ್ತಿದ್ದರು; ಈಗ ಬಹುಪಾಲು ತಗಡು. ಈ ಚಾವಣಿಗೆ ಆ ಸಮಾಜ ಕೊಟ್ಟ ಸ್ಥಾನವಂತೂ ಅಪರೂಪದ್ದು. ಕುಲದ ಗದ್ದೆಯನ್ನು ಮಾರುವಂತಿಲ್ಲ. ಅಡವಿಡಲು ಸಂಪ್ರದಾಯ ಒಪ್ಪುವ ಕಾರಣಗಳು ನಾಲ್ಕೇ: ಮನೆಯೊಳಗೆ ಶವವಿದ್ದು ಅಂತ್ಯಕ್ರಿಯೆಗೆ ಹಣವಿಲ್ಲದಿರುವುದು, ಬೆಳೆದ ಮಗಳ ಮದುವೆ ನಿಂತಿರುವುದು, ಕುಲದ ಮುಖಂಡನಿಗೆ ಪಟ್ಟ ಕಟ್ಟಬೇಕಾಗಿರುವುದು, ಮತ್ತು ರುಮಾ ಗದಾಂಗ್ ಸೋರುತ್ತಿರುವುದು.

ಪ್ರವಾಸಿಗರು ನೋಡುವ, ಇದೇ ಶೈಲಿಯ ಪಗರುಯುಂಗ್ ಅರಮನೆ 2007ರ ಫೆಬ್ರವರಿಯಲ್ಲಿ ಸಿಡಿಲಿಗೆ ಸುಟ್ಟು, ಮತ್ತೆ ಭವ್ಯವಾಗಿ ಎದ್ದು ನಿಂತಿತು. ಅದು ವಸ್ತುಸಂಗ್ರಹಾಲಯ, ಹಣ ಬಂದರೆ ಕೆಲಸ ನಡೆಯುತ್ತದೆ. ಹಳ್ಳಿಯ ಮನೆಗೆ ಹಣವಿದ್ದರೂ ಸಾಲದು. ‘ಮರಂತಾವ್’ ಎಂದು ದುಡಿಮೆಗಾಗಿ ಊರು ಬಿಡುವ ರೂಢಿ ಮೊದಲಿನಿಂದಲೂ ಇದೆ. ಈಗ ಹೆಣ್ಣುಮಕ್ಕಳೂ ಜಕಾರ್ತಾದಲ್ಲೋ ಮಲೇಷ್ಯಾದಲ್ಲೋ ನೆಲೆಸಿರುತ್ತಾರೆ, ಹಕ್ಕು ಮಾತ್ರ ಅವರೆಲ್ಲರಿಗೂ ಉಳಿದಿರುತ್ತದೆ. ಇಂಥ ಮನೆಯ ದುರಸ್ತಿಗೆ ಅಂದಾಜುಪಟ್ಟಿ ಬರೆಯುವ ಮುಂಚೆ ‘ರಂಜಿ’ ಎಂಬ ತಾಯಿಕಡೆಯ ವಂಶಾವಳಿಯನ್ನು ತರಿಸಿ, ಯಾರ ಯಾರ ಒಪ್ಪಿಗೆ ಬೇಕೆಂದು ಗುರುತು ಹಾಕಿಕೊಳ್ಳುವುದು ಒಳ್ಳೆಯದು.