ಪದ ಪರಿಚಯ: ಬೀಟಾ-ಲ್ಯಾಕ್ಟಮೇಸ್

ಪೆನಿಸಿಲಿನ್ ಮತ್ತು ಅದರ ಬಳಗದ ಆ್ಯಂಟಿಬಯೋಟಿಕ್‌ಗಳನ್ನು ಒಡೆದು ನಿಷ್ಪ್ರಯೋಜಕಗೊಳಿಸುವ, ಬ್ಯಾಕ್ಟೀರಿಯಾಗಳೇ ತಯಾರಿಸಿಕೊಳ್ಳುವ ಕಿಣ್ವಗಳಿಗೆ ಬೀಟಾ-ಲ್ಯಾಕ್ಟಮೇಸ್ ಎಂದು ಹೆಸರು. ಹಾಸನದ ಯಾವುದಾದರೂ ಲ್ಯಾಬಿನಲ್ಲಿ ಮೂತ್ರದ ಕಲ್ಚರ್ ಮಾಡಿಸಿದವರು ವರದಿಯಲ್ಲಿ ‘ಇಎಸ್‌ಬಿಎಲ್ ಪಾಸಿಟಿವ್’ ಎಂಬ ಸಾಲನ್ನು ಕಂಡಿದ್ದರೆ, ಅದು ಸೂಚಿಸುವುದು ಈ ಕಿಣ್ವಗಳ ಪೈಕಿ ಸೆಫಲೋಸ್ಪೊರಿನ್ ಎಂಬ ಆ್ಯಂಟಿಬಯೋಟಿಕ್‌ಗಳನ್ನೂ ಒಡೆಯಬಲ್ಲ ಪ್ರಬಲ ಬಗೆಯನ್ನು. ಮಾತ್ರೆ ನುಂಗಿ ನುಂಗಿ ಮೈಗೆ ಒಗ್ಗಿಹೋಗಿದೆ ಎಂದು ನಮ್ಮಲ್ಲಿ ಹೇಳುವುದುಂಟು. ಆದರೆ ಇಲ್ಲಿ ಬದಲಾಗಿರುವುದು ರೋಗಿಯ ಮೈಯಲ್ಲ, ರೋಗಾಣು.

ಈ ಔಷಧಗಳ ಅಣುವಿನಲ್ಲಿ ಮೂರು ಇಂಗಾಲ ಮತ್ತು ಒಂದು ಸಾರಜನಕ ಪರಮಾಣುಗಳಿಂದಾದ ಪುಟ್ಟ ಉಂಗುರವೊಂದಿದೆ. ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಹೆಣೆಯುವ ಪ್ರೋಟೀನುಗಳಿಗೆ ಅಣುವು ಅಂಟಿಕೊಂಡು ಆ ಕೆಲಸವನ್ನು ನಿಲ್ಲಿಸಬೇಕಾದರೆ ಈ ಉಂಗುರ ಮುರಿಯದೆ ಉಳಿದಿರಬೇಕು. ಕಿಣ್ವವು ನೀರಿನ ಅಣುವನ್ನು ಬಳಸಿ ಅದನ್ನೇ ಬಿಡಿಸುತ್ತದೆ ಮತ್ತು ತಾನು ಖರ್ಚಾಗದೆ ಮುಂದಿನ ಅಣುವಿಗೆ ಕೈಹಾಕುತ್ತದೆ. ನೈಟ್ರೊಸೆಫಿನ್ ಎಂಬ ಪರೀಕ್ಷಾ ರಾಸಾಯನಿಕಕ್ಕೆ ಇಂಥ ಬ್ಯಾಕ್ಟೀರಿಯಾವನ್ನು ತಾಗಿಸಿದರೆ ಹಳದಿ ಬಣ್ಣ ಕೆಂಪಿಗೆ ತಿರುಗುವುದರಿಂದ, ಉಂಗುರ ಒಡೆದದ್ದನ್ನು ಬರಿಗಣ್ಣಿನಿಂದಲೇ ತಿಳಿಯಬಹುದು.

ಹೈನುಗಾರಿಕೆಯನ್ನು ನಂಬಿದ ಚನ್ನರಾಯಪಟ್ಟಣ, ಅರಸೀಕೆರೆ ಕಡೆಯ ಮನೆಗಳಿಗೆ ಹಸುವಿನ ಕೆಚ್ಚಲು ಬಾವು ಹೊಸದಲ್ಲ. ಅದಕ್ಕೆ ಕಾರಣವಾಗುವ ರೋಗಾಣುಗಳಲ್ಲೊಂದಾದ ಸ್ಟ್ಯಾಫಿಲೊಕಾಕಸ್ ಆರಿಯಸ್‌ನ ಹಲವು ತಳಿಗಳು ಈ ಕಿಣ್ವವನ್ನು ಕೋಶದ ಹೊರಕ್ಕೂ ಸ್ರವಿಸುತ್ತವೆ. ಆಗ ಸುತ್ತಲಿನ ಪೆನಿಸಿಲಿನ್ ನಾಶವಾಗಿ, ಕಿಣ್ವವಿಲ್ಲದ ನೆರೆಯ ಬ್ಯಾಕ್ಟೀರಿಯಾಗಳೂ ಬದುಕಿಕೊಳ್ಳುತ್ತವೆ. ಇ. ಕೋಲಿಯಂಥವು ಅದನ್ನು ತಮ್ಮ ಎರಡು ಪೊರೆಗಳ ನಡುವೆಯೇ ಇರಿಸಿಕೊಳ್ಳುತ್ತವೆ.

ಇದು ಔಷಧದ ಅತಿಬಳಕೆಯಿಂದಲೇ ಹುಟ್ಟಿದ್ದೂ ಅಲ್ಲ. ಪೆನಿಸಿಲಿನ್ ಇನ್ನೂ ಜನರ ಕೈಗೆ ಬಾರದಿದ್ದ 1940ರಲ್ಲೇ ವಿಜ್ಞಾನಿಗಳಾದ ಅಬ್ರಹಾಂ ಮತ್ತು ಚೈನ್ ಇಂಥ ಕಿಣ್ವವನ್ನು ವರದಿ ಮಾಡಿದ್ದರು. ಔಷಧದ ಬಳಕೆಯು ಮಾಡಿದ್ದು ಆಯ್ಕೆಯ ಕೆಲಸ: ಕಿಣ್ವವಿಲ್ಲದವು ಸತ್ತವು, ಇದ್ದವು ಹೆಚ್ಚಿದವು. ಇದರ ವಂಶವಾಹಿ ಅನೇಕ ವೇಳೆ ಪ್ಲಾಸ್ಮಿಡ್ ಎಂಬ ಬಿಡಿ ಡಿಎನ್‌ಎ ಸುರುಳಿಯಲ್ಲಿರುವುದರಿಂದ, ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೂ ದಾಟುತ್ತದೆ.

ಪೆನಿಸಿಲಿನ್ ಬಳಗದ ಅಮಾಕ್ಸಿಸಿಲಿನ್ ಜೊತೆಗೆ ಕ್ಲಾವುಲಾನಿಕ್ ಆಮ್ಲವನ್ನು ಬೆರೆಸಿದ ಮಾತ್ರೆ ಇದಕ್ಕೆ ಹೂಡಿದ ಪ್ರತಿತಂತ್ರ. ಗಾಳಕ್ಕೆ ಸಿಕ್ಕಿಸಿದ ಎರೆಯಂತೆ ಆ ಆಮ್ಲವು ಕಿಣ್ವವನ್ನು ತನ್ನತ್ತ ಸೆಳೆದು ಹಿಡಿದಿಡುತ್ತದೆ. ಅಷ್ಟರಲ್ಲಿ ಅಮಾಕ್ಸಿಸಿಲಿನ್ ತನ್ನ ಕೆಲಸ ಮುಗಿಸುತ್ತದೆ. ಈ ಉಪಾಯ ಫಲಿಸುವುದು ಸೆರಿನ್ ಎಂಬ ಅಮೈನೊ ಆಮ್ಲದ ನೆರವಿನಿಂದ ಉಂಗುರ ಒಡೆಯುವ ಹಲವು ಕಿಣ್ವಗಳ ಮೇಲೆ ಮಾತ್ರ. ಸತುವಿನ ಅಯಾನುಗಳನ್ನು ಬಳಸುವ ಎನ್‌ಡಿಎಂ ಬಗೆಯ ಕಿಣ್ವವು ಕ್ಲಾವುಲಾನಿಕ್ ಆಮ್ಲಕ್ಕೆ ಜಗ್ಗುವುದಿಲ್ಲ, ಆಸ್ಪತ್ರೆಗಳು ಕೊನೆಗೆಂದು ಕಾಯ್ದಿಡುವ ಕಾರ್ಬಾಪೆನೆಮ್ ಎಂಬ ಆ್ಯಂಟಿಬಯೋಟಿಕ್‌ಗಳನ್ನೂ ಒಡೆಯುತ್ತದೆ.