ಯೂಬಿಲುಸ್: ಪದವಿಲ್ಲದ ಸ್ತುತಿ

ಕಥೋಲಿಕ ಸಭೆಯ ಲ್ಯಾಟಿನ್ ಬಲಿಪೂಜೆಯಲ್ಲಿ (ಮಾಸ್) ಶುಭಸಂದೇಶದ (ಸುವಾರ್ತೆಯ) ವಾಚನಕ್ಕೆ ಮುನ್ನ ಹಾಡುವ ‘ಅಲ್ಲೆಲೂಯ’ದ ಕೊನೆಯ ‘ಆ’ಕಾರವನ್ನು ಹಿಡಿದು, ಬೇರಾವ ಪದವನ್ನೂ ಸೇರಿಸದೆ ದೀರ್ಘವಾಗಿ ಸಾಗುವ ಧಾಟಿಗೆ ಯೂಬಿಲುಸ್ ಎಂದು ಹೆಸರು. ಇದು ಪಶ್ಚಿಮದ ಕ್ರೈಸ್ತ ಸಭೆಯ ಹಳೆಯ ಹಾಡುಪದ್ಧತಿಯಾದ ಗ್ರೆಗೋರಿಯನ್ ಗಾಯನಕ್ಕೆ ಸೇರಿದ್ದು. ಮೂಲತಃ ಇದಕ್ಕೆ ಪಕ್ಕವಾದ್ಯವಿಲ್ಲ, ತಾಳದ ಆವರ್ತವೂ ಇಲ್ಲ. ಹಾಡುವವರು ಎಷ್ಟೇ ಮಂದಿಯಿದ್ದರೂ ಧಾಟಿ ಒಂದೇ. ನಮ್ಮ ಸಂಗೀತವನ್ನು ಬಲ್ಲವರಿಗೆ ಆಲಾಪನೆ ನೆನಪಾಗಬಹುದು. ಆದರೆ ಇಲ್ಲಿ ಮನೋಧರ್ಮಕ್ಕೆ ಎಡೆಯಿಲ್ಲ, ಗಾಯಕರು ಪರಂಪರೆಯಿಂದ ಬಂದ ಸ್ವರಸಂಚಾರವನ್ನೇ ಅನುಸರಿಸುತ್ತಾರೆ. ಹೀಗೆ ತನ್ನತನವನ್ನು ಹಿಂದಿಟ್ಟು ಹಾಡುವುದೇ ಪ್ರಾರ್ಥನೆಯ ಮೊದಲ ಹೆಜ್ಜೆ ಎಂದು ನನಗೆ ಅನ್ನಿಸುತ್ತದೆ.

ಪದವಿಲ್ಲದ ಹಾಡು ಪ್ರಾರ್ಥನೆಯಾಗುವುದು ಹೇಗೆ? ಉತ್ತರ ಆಫ್ರಿಕದ ಹಿಪ್ಪೋದ ಧರ್ಮಾಧ್ಯಕ್ಷರಾಗಿದ್ದ ಸಂತ ಅಗಸ್ಟೀನರು (354–430) ಬೈಬಲಿನ ಕೀರ್ತನೆಗಳ ಕುರಿತ ಪ್ರವಚನದಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಸುಗ್ಗಿಯಲ್ಲೋ ದ್ರಾಕ್ಷಿತೋಟದಲ್ಲೋ ದುಡಿಯುವವರು ಮೊದಲು ಪದಗಳಿರುವ ಹಾಡನ್ನೇ ಎತ್ತಿಕೊಳ್ಳುತ್ತಾರೆ. ಹರ್ಷ ಉಕ್ಕಿ ಮಾತು ಸಾಲದೆ ಹೋದಾಗ ಪದಗಳನ್ನು ಬಿಟ್ಟು ಬರಿಯ ದನಿಯಾಗುತ್ತಾರೆ. ಮಾತಿಗೆ ನಿಲುಕದ ದೇವರನ್ನು ಮಾತಿನಲ್ಲಿ ಹೇಳಲಾಗದು, ಸುಮ್ಮನಿರಲೂ ಆಗದು, ಆದ್ದರಿಂದ ಅಂತಹ ದನಿಯೇ ಆತನಿಗೆ ತಕ್ಕದ್ದು ಎಂಬುದು ಅವರ ವಾದ. ಅವರು ಹೇಳಿದ್ದು ಹರ್ಷಗಾನದ ಬಗ್ಗೆ ಸಾಮಾನ್ಯವಾಗಿ. ಒಂಬತ್ತನೆಯ ಶತಮಾನದಲ್ಲಿ ಮೆಟ್ಸ್‌ನ ಅಮಲಾರಿಯುಸ್ ಎಂಬ ಪೂಜಾವಿಧಿಯ ವ್ಯಾಖ್ಯಾನಕಾರರು ಅಲ್ಲೆಲೂಯದ ಈ ಧಾಟಿಯನ್ನು ಅದೇ ಹರ್ಷಗಾನದ ಹೆಸರಿನಿಂದ ಕರೆದು, ಪದಗಳ ಹಂಗಿಲ್ಲದೆ ಮನಸ್ಸು ಮನಸ್ಸಿಗೆ ತಿಳಿಸುವ ಸ್ಥಿತಿಯೊಂದಿಗೆ ಜೋಡಿಸಿದರು.

ಇದೇ ಅಗಸ್ಟೀನರು ತಮ್ಮ ‘ಆತ್ಮನಿವೇದನೆ’ (ಕನ್ಫೆಷನ್ಸ್) ಎಂಬ ಕೃತಿಯ ಹತ್ತನೆಯ ಭಾಗದಲ್ಲಿ, ಹಾಡಿನ ಅರ್ಥಕ್ಕಿಂತ ಹಾಡಿಕೆಯೇ ಮನಸ್ಸನ್ನು ಹೆಚ್ಚು ಸೆಳೆದರೆ ಅದು ಪಾಪವೆಂದು ತಮ್ಮನ್ನೇ ಆಕ್ಷೇಪಿಸಿಕೊಳ್ಳುತ್ತಾರೆ. ಈ ಅಳುಕನ್ನು ಕಡೆಗಣಿಸಬಾರದು. ಯೂಬಿಲುಸ್ ಬರಿಯ ನಾದಸುಖವಾಗದಿರುವುದು ಅದು ನಿಂತ ಜಾಗದಿಂದ: ಅದರ ಹಿಂದೆ ‘ಅಲ್ಲೆಲೂಯ’, ಅಂದರೆ ದೇವರನ್ನು ಸ್ತುತಿಸಿರೆಂಬ ಹೀಬ್ರೂ ಕರೆಯಿದೆ, ಮುಂದೆ ಶುಭಸಂದೇಶವಿದೆ, ನಡುವಿನ ಈ ಹೊತ್ತಿನಲ್ಲಿ ಕೇಳುಗನ ಮನಸ್ಸು ದೇವರ ವಾಕ್ಯಕ್ಕೆ ಕಿವಿಗೊಡಲು ಹದಗೊಳ್ಳುತ್ತದೆ.

ಪದವಿಲ್ಲದ ದೀರ್ಘ ಧಾಟಿಗಳನ್ನು ನೆನಪಿಡುವುದು ಸುಲಭವಾಗಿರಲಿಲ್ಲ. ಇಂದಿನ ಸ್ವಿಟ್ಜರ್ಲೆಂಡಿನಲ್ಲಿರುವ ಸಂತ ಗಾಲ್ ಮಠದ ಸನ್ಯಾಸಿ ನೋಟ್ಕರ್ ತಮ್ಮ ಎಳೆಯ ವಯಸ್ಸಿನಲ್ಲಿ ಅವು ನೆನಪಿನಿಂದ ಜಾರುತ್ತಿದ್ದುದನ್ನು ಹೇಳಿಕೊಂಡು, ಸ್ವರಕ್ಕೊಂದು ಅಕ್ಷರದಂತೆ ಸಾಹಿತ್ಯ ಕೂಡಿಸಿದರು. ‘ಸೀಕ್ವೆನ್ಸ್’ ಎಂಬ ಗೀತಪ್ರಕಾರ ಬೆಳೆದದ್ದು ಇಂತಹ ಪ್ರಯತ್ನಗಳಿಂದ. ಆದರೂ ಪದವಿಲ್ಲದ ಯೂಬಿಲುಸ್ ಅಳಿಯಲಿಲ್ಲ. 1833ರಲ್ಲಿ ಪುನಃಸ್ಥಾಪನೆಗೊಂಡ ಫ್ರಾನ್ಸ್‌ನ ಸೊಲೆಮ್ ಮಠದ ಸನ್ಯಾಸಿಗಳು ಹಳೆಯ ಹಸ್ತಪ್ರತಿಗಳನ್ನು ಹೋಲಿಸಿ ಗ್ರೆಗೋರಿಯನ್ ಗಾಯನವನ್ನು ಮತ್ತೆ ರೂಢಿಗೆ ತಂದರು. ಪಾಸ್ಖ ಹಬ್ಬಕ್ಕೆ (ಈಸ್ಟರ್) ಮುಂಚಿನ ತಪಸ್ಸುಕಾಲದುದ್ದಕ್ಕೂ ಅಲ್ಲೆಲೂಯವನ್ನು ಹಾಡುವುದಿಲ್ಲವಾದ್ದರಿಂದ, ಆ ವಾರಗಳಲ್ಲಿ ಯೂಬಿಲುಸ್ ಕೂಡ ಇರುವುದಿಲ್ಲ. ಪಾಸ್ಖ ಜಾಗರಣೆಯ ರಾತ್ರಿ ಅದನ್ನು ಮತ್ತೆ ಎತ್ತಿಕೊಳ್ಳುತ್ತಾರೆ.